ಅವ್ವನ ಗುಂಡಿಗೆ

ಜೂನ್ 14, 2024
ಮದ್ದೂರಿನಲ್ಲಿ ಪಾಠ ಮುಗಿಸಿ ಬಸ್ಸಿನಲ್ಲಿ ನಿಂತೇ ಬಂದೆ. ಶಾಲೆ ಶುರುವಾದ ಮೇಲೆ ದಿನಾ ಇದೇ ಪಾಡು. ಮನೆಗೆ ಬಂದರೆ ಅವ್ವ ಜಗುಲಿ ಮೇಲೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಎದ್ದು ಒಳಗೆ ಹೋಗುವಷ್ಟರಲ್ಲಿ ಏದುಸಿರು. ಕೇಳಿದರೆ, “ವಯಸ್ಸಾಯ್ತು, ಬುಡು.” ಅರವತ್ತೂ ಆಗಿಲ್ಲ!

ಸಂಜೆ ಮಂಡ್ಯದ ಆಸ್ಪತ್ರೆಯಿಂದ ಡಾ. ಶಶಿಧರ್ ಫೋನ್. ನಮ್ಮ ದೇವರಾಜಣ್ಣ ವಿ.ಸಿ. ಫಾರಂ ಕೃಷಿ ಕೇಂದ್ರದ ಗದ್ದೆಯಲ್ಲಿ ಕುಸಿದು ತೀರಿಕೊಂಡನಲ್ಲ, ಪೋಸ್ಟ್‌ಮಾರ್ಟಂನಲ್ಲಿ ನೋಡಿದರೆ ಅವನ ಹೃದಯದ ಗೋಡೆ ವಿಪರೀತ ದಪ್ಪವಾಗಿತ್ತಂತೆ. ವಂಶದಲ್ಲಿ ಬರುವ ಕಾಯಿಲೆ ಇರಬಹುದು, ಅದರ ಮೇಲೆ ಸಂಶೋಧನೆ ನಡೀತಿದೆ, ಮನೆಯವರೆಲ್ಲ ರಕ್ತ ಕೊಡಬೇಕು ಅಂದರು.

ಎಲ್ಲರೂ ಅಂದರೆ... ಅವ್ವ, ನಾನು, ಅಣ್ಣನ ಮಗಳು ಗಗನ.

ಜೂನ್ 20
ಅವ್ವ ಒಪ್ಪಲೇ ಇಲ್ಲ. “ರಕ್ತ ಕೊಟ್ರೆ ಸತ್ತೋನು ಎದ್ದು ಬತ್ತಾನಾ?”
ಅತ್ತಿಗೆ ಮೆಲ್ಲಗೆ ಹೇಳಿದರು, “ಗಗನಂಗೋಸ್ಕರ ಅತ್ತೆ.” ಅಷ್ಟೇ. ಅವ್ವ ಎದ್ದು ಸೀರೆ ಬದಲಾಯಿಸಿದಳು.

ಜುಲೈ 29
ರಿಪೋರ್ಟ್ ಬಂತು. ಆ ಕಾಯಿಲೆಯ ಜೀನ್ ಅವ್ವನಿಗೆ ಇದೆ. ಗಗನಳಿಗೆ ಇದೆ. ನನಗಿಲ್ಲ.

ಗಗನಳ ಹೃದಯ ಸದ್ಯಕ್ಕೆ ಚೆನ್ನಾಗಿಯೇ ಇದೆ, ವರ್ಷ ವರ್ಷ ಹೃದಯದ ಸ್ಕ್ಯಾನ್, ಅದೇ ಎಕೋ, ಮಾಡಿಸಬೇಕು, ಓಟದ ಪಂದ್ಯ ಸದ್ಯಕ್ಕೆ ಬೇಡ ಅಂದರು ಡಾಕ್ಟರ್. ಅವ್ವನಿಗೆ ಅದ್ಯಾವುದೂ ಕೇಳಿಸಲಿಲ್ಲ.
“ಮಳವಳ್ಳೀಲಿ ನನ್ ತಮ್ಮ ಚಿಕ್ಕಣ್ಣನೂ ಇಂಗೇ ಬಿದ್ದ. ದೆವ್ವ ಬಡೀತು ಅಂದ್ರು. ಇದೇಯಾ ಅದು?”
“ಇರಬಹುದಮ್ಮ.”
“ಅಂಗಾರೆ ನನ್ ಮಗಂಗೆ ನನ್ನಿಂದ್ಲೇ ಓಯ್ತು.”
“ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲಮ್ಮ.”

ಬಸ್ಸಿನಲ್ಲಿ ಅವ್ವ ನನ್ನ ಕೈ ಹಿಡಿದು, “ನಾಗು, ಒಬ್ಳಾರಾ ತಪ್ಪುಸ್ಕಂಡ್ಯಲ್ಲ ತಾಯಿ” ಅಂದಳು. ನನಗೋ ಸಂಕಟ. ಕಾಯಿಲೆ ಇಲ್ಲದ್ದಕ್ಕೆ ಇಷ್ಟು ಸಂಕಟ ಆಗುತ್ತೆ ಅಂತ ಗೊತ್ತಿರಲಿಲ್ಲ.

ಆಗಸ್ಟ್ 11
ಅವ್ವ ಗಗನಳಿಂದ ದೂರ ದೂರ. ತಲೆ ಬಾಚುವುದಿಲ್ಲ, ತೊಡೆ ಮೇಲೆ ಮಲಗಿಸಿಕೊಳ್ಳುವುದಿಲ್ಲ. ಮುಟ್ಟಿದರೆ ಇನ್ನಷ್ಟು ಅಂಟುತ್ತೆ ಅನ್ನುವ ಹಾಗೆ.

ಖೊಖೊ ಟೀಮಿನಿಂದ ಗಗನಳನ್ನು ಬಿಡಿಸಿದೆವು. ಊಟಕ್ಕೆ ಕೂತಾಗ ಕೇಳಿಬಿಟ್ಟಳು, “ನಾನೂ ಅಪ್ಪನ್ ಥರಾನೇ ಬಿದ್ದೋಯ್ತೀನಾ?”
ಅತ್ತಿಗೆ ಅಡುಗೆಮನೆಗೆ ಹೋದರು. ಅವ್ವ ಮುದ್ದೆ ಮುರಿಯುವುದನ್ನು ನಿಲ್ಲಿಸಿದಳು.
“ಇಲ್ ಬಾ. ನಿಮ್ಮಪ್ಪಂಗೆ ಇಂಗೈತೆ ಅಂತ ಯಾರೂ ಏಳ್ನಿಲ್ಲ ಕಣಮ್ಮ. ನಿಂಗೆ ಏಳವ್ರೆ. ನೋಡ್ಕಳಕ್ಕೆ ನಾವೆಲ್ಲ ಇದೀವಿ.”
ಮಗು ತಟ್ಟೆ ಎತ್ತಿಕೊಂಡು ಹೋಗಿ ಅಜ್ಜಿಗೆ ಒರಗಿ ಕೂತಿತು.

ಸೆಪ್ಟೆಂಬರ್ 12
ಹೊಸ ಮಾತ್ರೆಯ ಪ್ರಯೋಗ ಶುರುವಾಗುತ್ತಂತೆ. ಇಂಥ ಹೃದಯ ಅತಿಯಾಗಿ ಬಿಗಿಹಿಡಿದು ಹಿಂಡುತ್ತೆ, ಮಾತ್ರೆ ಆ ಬಿಗಿ ಸಡಿಲಿಸುತ್ತೆ. ಎಲ್ಲರಿಗೂ ಒಗ್ಗದೆ ಇರಬಹುದು. ಜಾಸ್ತಿಯಾದರೆ ಹೃದಯ ಸುಸ್ತಾಗಬಹುದು. ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಡಬಹುದು. ಡಾಕ್ಟರ್ ಏನನ್ನೂ ಮುಚ್ಚಿಡಲಿಲ್ಲ.

ಯೋಚಿಸಿ ಹೇಳ್ತೀವಿ ಅಂದೆ. ಅವ್ವ ಕೇಳಿದಳು, “ಮಕ್ಳಿಗೂ ಕೊಟ್ಟೀರಾ?”
“ಇನ್ನೂ ಇಲ್ಲ. ಮೊದಲು ದೊಡ್ಡವರಲ್ಲಿ ನೋಡಬೇಕು.”
“ಅಂಗಾರೆ ನನ್ನ ನೋಡಿ. ಆ ಮಗೀಗೆ ಬೇಕಾಗೋ ವೊತ್ಗೆ ಸರಿ ಮಾಡ್ಕಂಡಿರಿ.”

ಡಾಕ್ಟರ್ ಕನ್ನಡಕ ಒರೆಸಿಕೊಂಡು ಒಪ್ಪಿಗೆ ಪತ್ರವನ್ನು ಅವಳ ಮುಂದಿಟ್ಟರು.

ನವೆಂಬರ್ 21
ಬಚ್ಚಲ ಬಾಗಿಲಲ್ಲಿ ಅವ್ವ ತಲೆಸುತ್ತಿ ಕೂತುಬಿಟ್ಟಳು. ಆಟೋದಲ್ಲಿ ಕರೆದೊಯ್ದೆವು. ಎಕೋ ಮಾಡಿದರು — ಹೃದಯ ರಕ್ತ ಒತ್ತುವ ಬಲ ಇಳಿದಿದೆ. ಮಾತ್ರೆ ನಿಲ್ಲಿಸಿದ್ದಾರೆ. ಸರಿಹೋದರೆ ಕಡಿಮೆ ಪವರಿನದು ಕೊಡ್ತಾರಂತೆ.

ಸಾಕು ಅವ್ವ, ಅಂದೆ. ಅಳು ಬಂತು. ಇವಳೂ ಹೋದರೆ...
“ಲೇ, ಸುಮ್ಕಿರು. ನಂಗೆ ಎಷ್ಟು ಆಯ್ತದೆ ಎಷ್ಟು ಆಗಲ್ಲ ಅಂತ ಈಗ ಗೊತ್ತಾಯ್ತಲ್ಲ. ಅದೂ ಅವ್ರಿಗೆ ಬೇಕಾದ್ದೇ.”

ಫೆಬ್ರವರಿ 20, 2025
ಇಷ್ಟು ದಿನ ಬರೆಯುವ ಧೈರ್ಯ ಇರಲಿಲ್ಲ.

ಕಡಿಮೆ ಪವರಿನ ಮಾತ್ರೆ ಒಗ್ಗಿದೆ. ಇವತ್ತಿನ ಎಕೋದಲ್ಲಿ ರಕ್ತ ಸರಾಗ ಹರಿಯುತ್ತಿದೆ, ಒತ್ತುವ ಬಲವೂ ಮರಳಿದೆ. ವಾಸಿಯಾಗಿಬಿಟ್ಟಿತು ಅಂತಲ್ಲ, ಆದರೆ ಹಿಡಿತದಲ್ಲಿದೆ ಅಂದರು ಡಾಕ್ಟರ್. ಬರುವಾಗ ಅವ್ವ ಮಾರ್ಕೆಟ್ಟಿನಲ್ಲಿ ಅವರೆಕಾಯಿ ಚೌಕಾಸಿ ಮಾಡುತ್ತಾ ನನಗಿಂತ ಮುಂದೆ ಹೋಗಿಬಿಟ್ಟಳು. ಚೀಲ ಹಿಡಿದು ಹಿಂದಿಂದೆ ಓಡಿದೆ.

ಏಪ್ರಿಲ್ 6, ಭಾನುವಾರ, ಸಂಜೆ
ಗಗನ ಜಗುಲಿಯಲ್ಲಿ ತನ್ನ ಮೇಷ್ಟರನ್ನು ಅಣಕಿಸಿ ತೋರಿಸುತ್ತಿದ್ದಳು. ತಾನೇ ನಕ್ಕೂ ನಕ್ಕೂ ಮೂಗಿನಲ್ಲಿ ಗೊರ್ರ್ ಅಂದಳು. ದೇವರಾಜಣ್ಣನದೇ ನಗು. ಅತ್ತಿಗೆ ಅವ್ವನ ಮುಖ ನೋಡಿದರು.

ಅವ್ವ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, “ಈ ನಗೂನೂ ಅವಂಗೆ ನನ್ನಿಂದ್ಲೇ ಓಗಿದ್ದು ಕಣ್ರೇ” ಅಂದಳು. ಅಂದು, ತಾನೂ ನಕ್ಕಳು. ಅದೇ ಗೊರ್ರ್!

ಅಣ್ಣ ಹೋದ ಮೇಲೆ ಅವ್ವ ನಕ್ಕದ್ದು ಇದೇ ಮೊದಲು. ಬರೆದಿಡೋಣ ಅಂತ ಒಳಗೆ ಬಂದೆ. ಹೊರಗೆ ನಗು ಇನ್ನೂ ನಿಂತಿಲ್ಲ, ಈಗ ಅತ್ತಿಗೆಯೂ ಸೇರಿಕೊಂಡು —