ದಿನಕ್ಕೊಂದು ಮಿಲಿಮೀಟರ್

ಲೇಡೀಸ್ ಹಾಸ್ಟೆಲ್, ರಾಮನಗರ
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ತಿಮ್ಮೇಶಣ್ಣ,

ಹೇಗಿದ್ದೀಯ? ಅವ್ವನ ಮಂಡಿನೋವು ಹೇಗಿದೆ? ಹಿಪ್ಪುನೇರಳೆ ಸೊಪ್ಪು ಕುಯ್ಯುವಾಗ ಮಚ್ಚು ಬಿದ್ದು ಎರಡು ಬೆರಳು ಮಡಚಲಾಗದೆ ಜೋಮು ಹಿಡಿದ ಹಾಗೇ ಉಳಿದ ನಿನ್ನ ಬಲಗೈ ಬಗ್ಗೆ ನೀನೇ ಮೂರು ಸಲ ಫೋನ್ ಮಾಡಿದೆ. "ನಿಮ್ ಲ್ಯಾಬಲ್ಲಿ ಏನಾರ ದಾರಿ ಐತಾ ಕಣವ್ವ, ಒಸಿ ಕೇಳ್ ನೋಡು." ಮೂರು ಸಲವೂ ಕ್ಲಾಸಿದೆ ಅಂತ ಇಟ್ಟೆ. ಸಾರಿ. ಕ್ಲಾಸಿರಲಿಲ್ಲ. ಐದನೇ ಕ್ಲಾಸಿಂದ ಹಾಸ್ಟೆಲಲ್ಲೇ ಇದ್ದವಳಿಗೆ ಕಾಗದದಲ್ಲಿ ಬರೋ ಧೈರ್ಯ ಬಾಯಲ್ಲಿ ಬರಲ್ಲ.

ಇಲ್ಲಿಗೆ ಬಂದು ಮೂರು ತಿಂಗಳಾಯಿತು. ಬೆಳಿಗ್ಗೆ ಎಂಎಸ್ಸಿ ಫಸ್ಟ್ ಇಯರ್ ಕ್ಲಾಸು, ಮಧ್ಯಾಹ್ನ ರಿಸರ್ಚ್ ಅಸಿಸ್ಟೆಂಟ್ ಕೆಲಸ. ರೇಷ್ಮೆ ಎಳೆ ಮೇಲೆ ನರದ ಜೀವಕೋಶ ಬೆಳೆಸ್ತೀವಿ, ತುಂಡಾದ ನರಕ್ಕೆ ಮುಂದೆಂದಾದರೂ ಅದು ಸೇತುವೆ ಆಗಲಿ ಅಂತ. ಅದಕ್ಕೆ ಗೂಡು ಕುದಿಸಿ ಅಂಟು ಪೂರ್ತಿ ತೆಗೀಬೇಕು. ನಾನು ಬೇಗ ಇಳಿಸಿಬಿಟ್ಟೆ. ಅಂಟು ಹೋದರೆ ಕಾಲುಭಾಗ ತೂಕ ಹೋಗುತ್ತೆ. ಗೂಡಿನ ತೂಕದಲ್ಲಿ ಒಂದು ಗ್ರಾಮೂ ಬಿಡದ ಮನೆಯವರಲ್ವಾ ನಾವು, ಮನಸ್ಸು ಬರಲಿಲ್ಲ. ಎರಡು ವಾರ ಕಾದರೂ ಒಂದು ಜೀವಕೋಶವೂ ಕವಲು ಚಾಚಲಿಲ್ಲ. ಸೀನಿಯರ್ ಸಿದ್ಧಾರ್ಥ, "ಏನಮ್ಮ, ಇದನ್ನ ಗೂಡಿನ ಮಾರ್ಕೆಟ್ಟಿಗೆ ಹಾಕ್ಬೇಕಿತ್ತಾ?" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ವಾಶ್‌ರೂಮಲ್ಲಿ ತುಂಬ ಹೊತ್ತು ನಿಂತಿದ್ದೆ.

ಮತ್ತೆ ಕುದಿಸಿದೆ. ಮೊನ್ನೆ ಮೈಕ್ರೋಸ್ಕೋಪಲ್ಲಿ ಕಂಡಿತು, ಜೀವಕೋಶದ ಒಂದು ಕವಲು ಮೊಳಕೆಯ ಬೇರಿನ ಹಾಗೆ, ರೇಷ್ಮೆ ಎಳೆ ಹಿಡಿದು ಹೊರಟಿತ್ತು. ತೋರಿಸೋಣ ಅಂತ ತಿರುಗಿದರೆ ಎಲ್ಲರೂ ಊಟಕ್ಕೆ ಹೋಗಿದ್ದರು. ಮನುಷ್ಯನ ಕೈಯಲ್ಲಿ ನರ ದಿನಕ್ಕೊಂದು ಮಿಲಿಮೀಟರ್ ಬೆಳೆಯುತ್ತಂತೆ, ಅದೂ ಎಲ್ಲ ಸರಿಯಿದ್ದರೆ.

ಇವತ್ತು ಹಾಸ್ಟೆಲ್ ಖಾಲಿ. ನಮ್ಮ ದೊಡ್ಡಆಲಹಳ್ಳಿಗೆ ಎರಡೇ ಬಸ್ಸು, ಆದ್ರೂ ನಾನು ಹೊರಡಲಿಲ್ಲ. ಅಡುಗೆಯ ಚಿಕ್ಕಲಕ್ಷ್ಮಮ್ಮ ನನ್ನೊಬ್ಬಳಿಗೇ ಉಪ್ಪಿಟ್ಟು ಮಾಡಿ, "ಊರ್ಗೋಗ್ದೆ ಇಲ್ಲೇನ್ ಮಾಡ್ತೀಯವ್ವ, ಯಾರೂ ಇಲ್ವಾ ನಿಂಗೆ?" ಅಂದರು. ಅಣ್ಣ ಇದ್ದಾನೆ ಅಂದೆ.

ಅವ್ವನಿಗೆ ನಮಸ್ಕಾರ. ನಿನ್ನ ರೇಷ್ಮೆ ಹುಳುಗಳೆಲ್ಲ ಚೆನ್ನಾಗಿ ಹಣ್ಣಾಗಿ ಗೂಡು ಕಟ್ಟಲಿ, ಗೂಡು ಗಟ್ಟಿ ಬರಲಿ.

ನಿನ್ನ ತಂಗಿ,
ನಯನ

ಮತ್ತೆ: ಇದು ಮರೆತದ್ದಲ್ಲ, ಬೇಕಂತಲೇ ಮೇಲೆ ಬರೆಯದೆ ಬಿಟ್ಟದ್ದು. ನಿನ್ನ ಕೈ ಸರಿ ಆಗಲ್ಲ ಅಣ್ಣ. ನಿನ್ನ ನರ ತುಂಡಾಗಿ ಮೂರು ವರ್ಷ. ಒಂದೂವರೆ ವರ್ಷ ದಾಟಿದರೆ ಸ್ನಾಯು ನರಕ್ಕಾಗಿ ಕಾಯಲ್ಲ, ಬತ್ತಿಹೋಗುತ್ತೆ. ಇದು ಇಂಟರ್‌ವ್ಯೂಗೆ ಓದುವಾಗಲೇ ನನಗೆ ಗೊತ್ತಿತ್ತು. ಆದ್ರೂ ಈ ಕೆಲಸ ಯಾಕೆ ಬೇಕು ಅಂತ ಕೇಳಿದಾಗ ನಿನ್ನ ಕೈ ವಿಷಯ ಹೇಳಿದೆ, ಅಣ್ಣನ ಕೈ ಸರಿ ಮಾಡ್ತೀನಿ ಅಂದೆ. ಲ್ಯಾಬಿನ ಮೇಡಂ ಕಣ್ಣು ಒರೆಸಿಕೊಂಡರು. ಜಾಗ ಸಿಕ್ಕಿದ್ದು ಅದಕ್ಕೇ. ಅವತ್ತು ಸಂಜೆ ಫೋನಲ್ಲಿ ನಿನಗೂ ಅದನ್ನೇ ಹೇಳಿದೆ. ನೀನು ಊರಿಗೆಲ್ಲ ಹೇಳ್ಕೊಂಡು ಬಂದೆಯಂತೆ.