ಪಾರಿವಾಳದ ಅಚ್ಚಿನ ರೊಟ್ಟಿ

ಸೆಪ್ಟೆಂಬರ್ ೯

ಬೆಳಿಗ್ಗೆಯಿಂದ ಆರು ಸಲ ಒಲೆ ತುಂಬಿಸಿದ್ದಾಯಿತು. ಕೋಟೆ ಬಾಗಿಲು ಇನ್ನೂ ಮುಚ್ಚಿದೆ. ಹೊರಗೆ ಪಡುವಣ ದೇಶದ ಫ್ರಾಂಕರ ದಂಡು — ಜೆರುಸಲೇಮಿನ ಯುದ್ಧಕ್ಕೆ ಹೊರಟವರು, ದಾರಿಯಲ್ಲಿ ನಮ್ಮ ಕೋಳಿಗಳ ಮೇಲೂ ಯುದ್ಧ. ಚಕ್ರವರ್ತಿಗಳ ಅತಿಥಿಗಳಂತೆ! ಗೋಡೆಯ ಮೇಲಿಂದ ಹಗ್ಗ ಕಟ್ಟಿ ಬುಟ್ಟಿ ಇಳಿಸುತ್ತೇವೆ. ಮೊದಲು ದುಡ್ಡು ಮೇಲೆ ಬರಬೇಕು, ಆಮೇಲೆ ರೊಟ್ಟಿ ಕೆಳಗೆ.

ನನ್ನ ಒಡಹುಟ್ಟಿದ ಫೋಟಿಯೋಸಣ್ಣ ಕೆಳಗೇ ಅವರ ಜೊತೆ ಇದ್ದಾನೆ. ಅವರ ಮಾತು ಬರುತ್ತದೆಂದು ಅಧಿಪತಿ ಅವನನ್ನು ದುಭಾಷಿ ಮಾಡಿ ಕಳಿಸಿದ. ನನ್ನನ್ನು ಕಂಡು ಅಣ್ಣ ಕೈ ಬೀಸಿದ. ಸೊರಗಿದ್ದಾನೆ.

ಸೆಪ್ಟೆಂಬರ್ ೧೦

ದಂಡಿನಲ್ಲಿ ಹೊಟ್ಟೆನೋವಂತೆ. ಇಬ್ಬರು ಸತ್ತರಂತೆ. ಫ್ರಾಂಕರಿಗೆ ನಮ್ಮ ರೊಟ್ಟಿಯ ಮೇಲೇ ಅನುಮಾನ; ಇನ್ನು ಪ್ರತಿ ಬುಟ್ಟಿಯಿಂದ ಮೊದಲು ಅಣ್ಣ ತಿಂದು ತೋರಿಸಬೇಕು. ಮನೆಗೆ ಬಂದರೆ, ಹಿಟ್ಟಿನ ಮರಿಗೆಯ ಪಕ್ಕ ಸುಣ್ಣದ ಚೀಲ!

"ಏನ್ರೀ ಇದು?"

"ಹಿಟ್ಟು ಸಾಲಲ್ಲ ಕಣೇ," ಎಂದ ಗಂಡ ಬಾರ್ದಾಸ್. "ಬೀದಿಯೋರೆಲ್ಲ ಬೆರೆಸ್ತಾರೆ. ನಮ್ಮ ಹಳ್ಳಿಗಳನ್ನ ಸುಟ್ಟೋರ ಹೊಟ್ಟೆ ಸ್ವಲ್ಪ ಉರೀಲಿ ಬಿಡು."

"ಮೊದಲು ಉರಿಯೋದು ನನ್ನಣ್ಣನ ಹೊಟ್ಟೆ!"

ಒಲೆಗೆ ಸೌದೆ ತುರುಕಿದ. ಚೀಲ ಮಾತ್ರ ಎತ್ತಲಿಲ್ಲ.

ಸೆಪ್ಟೆಂಬರ್ ೧೧

ಸುಣ್ಣ ಬೆರೆಸದ ಹಿಟ್ಟನ್ನು ನಾನೇ ಜರಡಿ ಹಿಡಿದು ನಾದಿದೆ. ಅಮ್ಮನ ಕಾಲದ ಪಾರಿವಾಳದ ಅಚ್ಚು ಒತ್ತಿದೆ. ಬೀದಿಯ ರೊಟ್ಟಿಯಂಗಡಿಯವರ ಕಾಲು ಹಿಡಿದು ಪ್ರತಿ ಬುಟ್ಟಿಯ ಮೇಲೂ ನನ್ನದೊಂದು ರೊಟ್ಟಿ ಇಡಿಸಿದೆ. ಗೋಡೆಯಿಂದ ನಮ್ಮ ಮಾತಿನಲ್ಲೇ ಕೂಗಿದೆ.

"ಅಣ್ಣಾ, ಪಾರಿವಾಳ ಇರೋದು ಮಾತ್ರ ತಿನ್ನೋ! ಮೊದಲು ನನ್ನ ಮುಖ ನೋಡು, ನಾನು ಹೂಂ ಅಂದ್ಮೇಲೇ ತಿನ್ನು!"

ರೊಟ್ಟಿ ಮಾರುವ ಕೂಗೆಂದುಕೊಂಡು ಫ್ರಾಂಕರು ನಕ್ಕರು.

"ಗಂಟಲು ಹರ್ಕೋಬೇಡ್ವೇ, ಕೇಳಿಸ್ತು," ಎಂದ ಅಣ್ಣ.

ಸೆಪ್ಟೆಂಬರ್ ೧೩

ನಿನ್ನೆ ಬರೆಯಲಾಗಲಿಲ್ಲ. ಅಣ್ಣ ತಿನ್ನುವಂಥದ್ದೇ ಬೇಕೆಂದು ಫ್ರಾಂಕರ ಹಟ. ಮಿಕ್ಕ ರೊಟ್ಟಿ ಮುಟ್ಟುವುದಿಲ್ಲ. ಇವತ್ತು ನೋಡಿದರೆ ಪಕ್ಕದಂಗಡಿ ಮಾರ್ಕೆಲ್ಲೋಸನ ಬುಟ್ಟಿ ತುಂಬ ಪಾರಿವಾಳ!

"ಇದೇನು ಮಾವಾ?"

"ಹಕ್ಕಿ ನಿಮ್ಮಪ್ಪನ ಆಸ್ತೀನಾ? ನಾನೂ ಒಂದು ಅಚ್ಚು ಕೆತ್ತಿಸ್ದೆ."

"ಸುಣ್ಣ ಹಾಕಿದೀರಾ?"

ಬೆನ್ನು ತಿರುಗಿಸಿ ಹಗ್ಗ ಇಳಿಬಿಟ್ಟ.

ಕೆಳಗೆ ಅಣ್ಣ ಆ ರೊಟ್ಟಿ ಹಿಡಿದು ನನ್ನತ್ತ ನೋಡಿದ. ಬೇಡ ಎಂದರೆ ಅವನು ತಿನ್ನುವುದಿಲ್ಲ, ಸುಣ್ಣದ ವಿಷಯ ಫ್ರಾಂಕರಿಗೆ ಗೊತ್ತಾಗುತ್ತದೆ. ಹೊರಗಿನ ಮಠ ಸುಟ್ಟವರಿಗೆ ಊರು ಯಾವ ಲೆಕ್ಕ? ಒಳಗೆ ನನ್ನ ಮಕ್ಕಳಿದ್ದಾರೆ... ಅತ್ತ ದರಿ, ಇತ್ತ ಪುಲಿ.

ಹೂಂ ಎಂದು ತಲೆ ಆಡಿಸಿದೆ.

ನಕ್ಕ. ಪೂರ್ತಿ ತಿಂದ.

ಸೆಪ್ಟೆಂಬರ್ ೧೪, ಶಿಲುಬೆ ಹಬ್ಬ

ಬುಟ್ಟಿಗಳು ಇಳಿದವು. ರುಚಿ ನೋಡಲು ಬಂದವನು ಬೇರೆ ಯಾರೋ. ಅಣ್ಣ ಎಲ್ಲಿ ಎಂದು ಕೂಗಿದೆ. ಅವನಿಗೆ ನಮ್ಮ ಮಾತು ಬಾರದು. ರೊಟ್ಟಿ ಕೈಗೆತ್ತಿಕೊಂಡ. ಯಾರು ಹೇಳಿಕೊಟ್ಟರೋ, ಅಣ್ಣನ ಹಾಗೆಯೇ ತಲೆ ಎತ್ತಿ, ನನ್ನ ಮುಖ ನೋಡಿದ, ನನ್ನ ಹೂಂಗೆ ಕಾಯುತ್ತ.