ಮಲಗದ ಬಾಣಂತಿ

ಗೋರ್ವಾ, ಬರೋಡಾ
18 ನವೆಂಬರ್ 2003

ಪೂಜ್ಯ ನಾಗವೇಣಿ ಅಕ್ಕನಿಗೆ,

ನಿನ್ನ ತಮ್ಮ ಚಂದ್ರುವಿನ ನಮಸ್ಕಾರ. ಮೊಮ್ಮಗಳು ಹುಟ್ಟಿದಳೆಂದು ಫೋನಿನಲ್ಲಿ ಕೂಗಿ ಹೇಳಿದವನು ಆಮೇಲೆ ಎಲ್ಲಿ ನಾಪತ್ತೆಯಾದ ಎಂದು ನೀನು ಬೈಯುತ್ತಿರುವುದು ಇಲ್ಲಿಗೇ ಕೇಳಿಸುತ್ತಿದೆ. ತಪ್ಪಾಯಿತು. ಫೋನ್ ಮಾಡಿದರೆ ನಿನ್ನ ದನಿ ಕೇಳಿದ್ದೇ ಅತ್ತುಬಿಡುತ್ತೇನೆ. ಕಾಗದವಾದರೆ ನಡುವೆ ಮೂಗು ಒರೆಸಿಕೊಳ್ಳಬಹುದು. ಮೊದಲೇ ಹೇಳಿಬಿಡುತ್ತೇನೆ: ಮಗು ಚೆನ್ನಾಗಿದೆ. ಮಗಳು ವಿಂಧ್ಯಾ ಆಸ್ಪತ್ರೆಯಲ್ಲಿದ್ದಾಳೆ. ಕೂತುಕೊಂಡು ಓದು.

ಬಾಣಂತಿ ಮನೆಗೆ ಬಂದದ್ದೇ, ನಾನು ಬ್ಯಾಂಕಿಗೆ ರಜೆ ಹಾಕಿ ಹೊಸ ಹುದ್ದೆ ವಹಿಸಿಕೊಂಡೆ: ಉಸಿರು ವೀಕ್ಷಕ. ಕನ್ನಡಕ ಏರಿಸಿ ತೊಟ್ಟಿಲ ಪಕ್ಕ ಕೂರುವುದು, ಮಗುವಿನ ಹೊಟ್ಟೆ ಏರಿಳಿಯುವುದನ್ನು ನೋಡುವುದು, ಚೂರು ತಡೆದರೆ "ನೀಲಾ, ನಿಂತ್ಹೋಯ್ತು!" ಎಂದು ಕಿರುಚುವುದು. ನಿನ್ನ ನಾದಿನಿ ಸೌಟು ಹಿಡಿದು ಓಡಿಬರುವಷ್ಟರಲ್ಲಿ ಮಗು ಉಸಿರಾಡಿ ನನ್ನನ್ನು ಸುಳ್ಳುಗಾರನನ್ನಾಗಿ ಮಾಡುತ್ತಿತ್ತು. "ಅದರ ಉಸಿರಲ್ಲ ರೀ, ನನ್ನ ಉಸಿರು ನಿಲ್ಲಿಸ್ತೀರ ನೀವು" ಎಂದು ಬೈಸಿಕೊಂಡೆ.

ಹೆರಿಗೆ ಮಾಡಿಸಿದ ನರ್ಸ್ ಮೀರಾಬೆನ್ ಮನೆಗೆ ನೋಡಲು ಬಂದಾಗ ಮಗುವಿನ ಮೇಲೆ ದೂರು ಕೊಟ್ಟೆ. ಆಕೆ ಗುಜರಾತಿ ಬೆರೆಸಿದ ಹಿಂದಿಯಲ್ಲಿ ನಕ್ಕರು. "ನಾನಾಜಿ, ಹೊಸ ಮಕ್ಕಳೇ ಹಾಗೆ. ಬೇಗ ಬೇಗ ಉಸಿರಾಡ್ತಾರೆ, ಚೂರು ನಿಲ್ಲಿಸ್ತಾರೆ, ಮತ್ತೆ ಶುರು. ನಿಮ್ಮ ಬ್ಯಾಂಕಿನವರು ಚಾಯ್‌ಗೆ ಹೋಗಿ ಬಂದ ಹಾಗೆ! ತುಟಿ ನೀಲಿಯಾದರೆ, ಮೂಗಿನ ಹೊಳ್ಳೆ ಅರಳಿದರೆ, ಪಕ್ಕೆಯ ಕೆಳಗೆ ಗುಳಿ ಬಿದ್ದರೆ, ನರಳಿದರೆ, ನಿಂತದ್ದು ಬೇಗ ಶುರುವಾಗದಿದ್ದರೆ ಓಡಿ ಬನ್ನಿ. ಅಲ್ಲೀವರೆಗೆ ಪೇಪರ್ ಓದಿ."

ಆಮೇಲೆ ವಿಂಧ್ಯಾಳ ಮಂಚದ ಮೇಲೆ ಕೂತು ಅವಳ ಮಣಿಕಟ್ಟು ಹಿಡಿದರು. "ನಿನ್ನ ಪ್ರಮೋದ್ ಸೂರತ್ತಿನಿಂದ ಬರಿಗೈಲಿ ಬಂದರೆ ಬಾಗಿಲು ತೆಗೀಬೇಡ" ಎಂದು ಹರಟೆ ಬೇರೆ. ನಾಡಿ ನೋಡುತ್ತಿದ್ದಾರೆ ಎಂದುಕೊಂಡೆ. ನೋಡುತ್ತಿದ್ದದ್ದು ಉಸಿರನ್ನಂತೆ. ಉಸಿರು ಎಣಿಸುತ್ತೇನೆ ಎಂದು ಹೇಳಿದರೆ ಯಾರೂ ಸಹಜವಾಗಿ ಉಸಿರಾಡುವುದಿಲ್ಲವಂತೆ. ಅದಕ್ಕೇ ಕೈ ಮಣಿಕಟ್ಟಿನ ಮೇಲೆ, ಕಣ್ಣು ಎದೆಯ ಮೇಲೆ.

ಅವಳ ಉಸಿರು ತೀರಾ ಅವಸರದಲ್ಲಿತ್ತಂತೆ. ಹರಟೆ ನಿಂತಿತು. "ಹೊಟ್ಟೆಗೆ ಏನು ಕಟ್ಟಿದ್ದೀರಿ?"

ನೀನು ಕಳಿಸಿದ ಸೀರೆ, ಅಕ್ಕ. ನೀನು ಹೇಳಿದಂತೆಯೇ ನೀಲಾ ಸುತ್ತಿದ್ದಳು, ನಾನು ಮಂಚಕ್ಕೆ ಕಾಲು ಕೊಟ್ಟು ಇನ್ನೊಂದು ತುದಿ ಎಳೆದಿದ್ದೆ. ಬಿಚ್ಚಿಸಿದರು. ಅಪರಾಧಿ ಆ ಸೀರೆಯೇ ಆಗಿರಲಿ ಎಂದು ಕಂಡ ದೇವರಿಗೆಲ್ಲ ಕೈಮುಗಿದೆ. ಉಸಿರಿನ ಅವಸರ ಮಾತ್ರ ಹಾಗೇ ಇತ್ತು.

"ದಿಂಬಿಲ್ಲದೆ ಮಲಗು, ಬೇಟಾ."

ಮಲಗಿದವಳು ಕೆಮ್ಮುತ್ತಾ ಎದ್ದು ಕೂತು ನನ್ನ ಅಂಗಿ ಹಿಡಿದುಕೊಂಡಳು.

"ರಾತ್ರಿ ಹೇಗೆ ಮಲಗ್ತಾಳೆ?"

ನೀಲಾ ಹೆಮ್ಮೆಯಿಂದ ಹೇಳಿದಳು: "ಮಲಗೋದೆಲ್ಲಿ ಬಂತು! ಗೋಡೆಗೆ ಒರಗಿ ಮಗೂನೇ ಕಾಯ್ತಾ ಕೂತಿರ್ತಾಳೆ. ತಾಯಿ ಅಂದ್ರೆ ಹೀಗಿರ್ಬೇಕು."

"ಕಾಯ್ತಿಲ್ಲ, ನೀಲಾಬೆನ್. ಮಲಗಿದರೆ ಇವಳಿಗೆ ಉಸಿರು ಸಿಗ್ತಿಲ್ಲ. ಗಾಡಿ ಕರೀರಿ."

ಹೆರಿಗೆಯ ಹೊತ್ತಿಗೆ ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದರು ಡಾಕ್ಟರು. ಆಮ್ಲಜನಕ ಕೊಟ್ಟು, ನೀರು ಇಳಿಸಲು ಇಂಜೆಕ್ಷನ್ ಹಾಕುತ್ತಿದ್ದಾರೆ. "ಪೂರ್ತಿ ಗುಣ ಆಗ್ತಾಳಾ?" ಎಂದರೆ "ನೋಡೋಣ" ಎನ್ನುತ್ತಾರೆ. ಸಾಲ ಕೇಳಿ ಬಂದವರಿಗೆ ನಾನು ಹೇಳುವುದೂ ಇದನ್ನೇ. ಅದರ ಅರ್ಥ ನನಗೆ ಚೆನ್ನಾಗಿ ಗೊತ್ತು.

ಅಳಿಯ ಪ್ರಮೋದ್ ಬಂದು ಅವಳ ಜೊತೆಗಿದ್ದಾನೆ. ಮಗು ನೀಲಾಳ ಮಡಿಲಲ್ಲಿ. ನಾನು ಆಸ್ಪತ್ರೆಯಲ್ಲಿ ಮಗಳ ಕೈ ಹಿಡಿದು ಹವಾಮಾನದ ಬಗ್ಗೆ ಹರಟುತ್ತಾ ಎದೆ ಏರಿಳಿಯುವುದನ್ನು ನೋಡುತ್ತೇನೆ. "ಅಪ್ಪಾ, ನಾಡಿ ಆ ಕಡೆ ಇರೋದು" ಎಂದು ಇವತ್ತು ನಕ್ಕಳು. ನಗುವಷ್ಟು ಉಸಿರು ಬಂದಿದೆ ಎಂದು ನಂಬಿಕೊಂಡಿದ್ದೇನೆ.

ನಿನ್ನ ಆಶೀರ್ವಾದವನ್ನೆಲ್ಲ ಈ ಸಲ ಅವಳೊಬ್ಬಳ ಹೆಸರಿಗೇ ಕಳಿಸು. ನನಗೆ ಬೈಗುಳ ಸಾಕು.

ನಿನ್ನ,
ಚಂದ್ರು

ತಾ.ಕ.: ಸೀರೆಯದೇನೂ ತಪ್ಪಿಲ್ಲ ಅಕ್ಕ, ಡಾಕ್ಟರನ್ನೇ ಕೇಳಿದೆ. ನೀನು ಕೊರಗಬೇಡ. ಉಸಿರು ಕಟ್ಟುತ್ತಿದ್ದರೂ ಯಾಕಮ್ಮ ಹೇಳಲಿಲ್ಲ ಎಂದು ಬೆಳಿಗ್ಗೆ ವಿಂಧ್ಯಾಳನ್ನು ಕೇಳಿದೆ. ಮಾಸ್ಕ್ ಸರಿಸಿ ಹೇಳಿದಳು: "ಎಲ್ಲಾರೂ ಒಳ್ಳೇ ತಾಯಿ ಅಂತಿದ್ರಲ್ಲಪ್ಪಾ. ಮಗೂನ ನೋಡೋಕೆ ಅಂತ ನಾನು ಒಂದಿನಾನೂ ಕೂತಿರ್ಲಿಲ್ಲ. ಹೇಳೋಕೆ ನಾಚಿಕೆ ಆಯ್ತು."